ಎರಡನೇ ರಿಜಿಸ್ಟರು

ಕುಂಸಿ ಹತ್ತಿರದ ನಮ್ಮ ಹಾಲಿನ ಸೊಸೈಟಿಗೆ
ಹದಿಮೂರು ವರ್ಷದಿಂದ ನಾನೇ ಕಾರ್ಯದರ್ಶಿ.
ಬೆಳಗ್ಗೆ ಆರಕ್ಕೆ ಶಟರು ಎತ್ತಿ
ಯಾರ ಎಮ್ಮೆ, ಎಷ್ಟು ಫ್ಯಾಟು, ಎಷ್ಟು ಡಿಗ್ರಿ,
ಯಾರ ಕ್ಯಾನಿನಲ್ಲಿ ಬಾವಿ ಬೆರೆತಿದೆ
ನೋಡಿ, ಬರೆದು, ಸಹಿ ಹಾಕುವುದು.

ಈಗ ಐದೂವರೆಗೆ, ಮನೆಯಲ್ಲಿ, ಇನ್ನೊಂದು ಪುಸ್ತಕ.
ಅದರಲ್ಲಿ ಒಬ್ಬಳದೇ ಹೆಸರು.

ಮೊದಲು ಗಂಟಲು ನೋವು. ಅದು ಹೋಯಿತು.
ಹತ್ತು ದಿನ ಬಿಟ್ಟು, ಶಾಲೆಯಿಂದ ಬಂದ ಇಂಚರ
ಕಾಲುಚೀಲ ಬಿಚ್ಚಿದರೆ
ರಬ್ಬರಿನ ಗೆರೆಯ ಮೇಲೂ ಕೆಳಗೂ
ಮುರುಗಲ ಹಣ್ಣಿನ ರಸ ಸಿಡಿದ ಹಾಗೆ ಚುಕ್ಕಿ.
ತೊಳೆದರೆ ಹೋಗಲಿಲ್ಲ.
‘ಉಣುಗು ಕಚ್ಚಿರಬೇಕು’ ಎಂದರು ಹಾಲು ಹಾಕಲು ಬಂದವರು.
‘ಮಂಗನ ಕಾಯಿಲೆ ಅಲ್ಲ ತಾನೆ?’ ಎಂದ ಒಬ್ಬ
ಎರಡು ಹೆಜ್ಜೆ ಹಿಂದೆ ಸರಿದ.
ರಾತ್ರಿ ಪಾದದ ಗಂಟು ಊದಿ
ಹೊಟ್ಟೆ ಹಿಡಿದುಕೊಂಡು ಮಡಚಿ ಮಲಗಿದಳು.

ಶಿವಮೊಗ್ಗದ ದೊಡ್ಡಾಸ್ಪತ್ರೆ. ಮಕ್ಕಳ ಡಾಕ್ಟರು
ಗಾಜಿನ ಲೋಟವನ್ನು ಚುಕ್ಕಿಯ ಮೇಲೆ ಒತ್ತಿ
‘ನೋಡಿ’ ಎಂದರು. ಬಗ್ಗಿ ನೋಡಿದೆ.
ಲೋಟದ ತಳದಲ್ಲಿ ಚುಕ್ಕಿ ಇದ್ದ ಹಾಗೇ ಇತ್ತು.
‘ರಕ್ತ ನಾಳ ಬಿಟ್ಟು ಹೊರಗೆ ಬಂದಿದೆ, ಅದಕ್ಕೇ ಮಾಸಲ್ಲ.
ಸಣ್ಣ ಸಣ್ಣ ನಾಳಗಳಿಗೆ ಉರಿ ಹತ್ತಿದೆ.
ಚುಕ್ಕಿ ಹೋಗುತ್ತೆ. ನನಗೆ ಹೆದರಿಕೆ
ಕಾಣದ ಜಾಗದ್ದು.’
ನನ್ನ ಕೆಲಸ ಕೇಳಿಕೊಂಡು, ಪಾಪ, ನನ್ನ ಭಾಷೆಯಲ್ಲೇ ಹೇಳಿದರು:
‘ಕಿಡ್ನಿ ಅಂದ್ರೆ ನಿಮ್ಮ ಸೋಸೋ ಬಟ್ಟೆ.
ಆರು ತಿಂಗಳು ಕಣ್ಣಿಟ್ಟಿರಿ.’

ನಮ್ಮ ಸೋಸುವ ಬಟ್ಟೆ ಹರಿದರೆ
ಬೀರುವಿನಲ್ಲಿ ಇನ್ನೊಂದಿದೆ,
ಮಡಿಕೆ ಬಿಚ್ಚದ್ದು.

ಹೇಳಿದ ಹಾಗೇ ಚುಕ್ಕಿ ಹೋದವು.
ನಾಗವೇಣಿ ದೇವರಿಗೆ ಕಾಯಿ ಒಡೆಸಿದಳು.
ಐದನೇ ವಾರ, ಲೋಟದಲ್ಲಿ ನೊರೆ.

ನೊರೆಯ ವಿಚಾರ ನನಗೆ ಯಾರೂ ಹೇಳಬೇಕಿಲ್ಲ,
ದಿನಾ ಸರಿಸಿ ಅಳತೆ ನೋಡುವವನು.
ಇದು ಒಡೆಯಲಿಲ್ಲ. ಹತ್ತು ನಿಮಿಷ ಕೂತೆ,
ಅಂಚಿಗೆ ಅಂಟಿಕೊಂಡು ನನ್ನನ್ನೇ ನೋಡಿತು.
ಹಾಲಿನಲ್ಲಿದ್ದರೆ ಕಾಸು ಹುಟ್ಟಿಸುವ ಅದೇ ಪ್ರೋಟೀನು
ಇಲ್ಲಿ, ಎಂಟು ವರ್ಷದವಳ ಮೈಯಿಂದ,
ರಸೀದಿಯಿಲ್ಲದೆ ಹೋಗುತ್ತಿದೆ.

ಬೆನ್ನಿಗೆ ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದರು.
ಅವಳು ಕೇಳಿದ್ದು ಒಂದೇ: ‘ಆಮೇಲೆ ವಾಪಸ್ ಇಡ್ತಾರಾ?’
ಮಾತ್ರೆಗೆ ಮುಖ ಉಬ್ಬಿತು. ಕ್ಲಾಸಿನಲ್ಲಿ ‘ಪೂರಿ’ ಅಂದರಂತೆ.
ಕಂಚಿಕಾಯಿ ಉಪ್ಪಿನಕಾಯಿಯ ಭರಣಿ ಅಟ್ಟ ಹತ್ತಿತು.

ಈಗ ಪಟ್ಟಿ ಅದ್ದಿ, ಅರವತ್ತು ಎಣಿಸಿ,
ಡಬ್ಬಿಯ ಮೇಲಿನ ಬಣ್ಣಕ್ಕೆ ಹಿಡಿದು ನೋಡುವುದು.
ಹಳದಿ ಒಳ್ಳೆಯದು. ಹಸಿರು ಏರಿದಷ್ಟೂ ಕೆಟ್ಟದ್ದು.
ಟ್ಯೂಬ್‌ಲೈಟಿಗೆ ಒಂದು ಬಣ್ಣ, ಅಂಗಳದಲ್ಲಿ ಇನ್ನೊಂದು.
ನಾನು ಹಸಿರು ಎಂದರೆ ನಾಗವೇಣಿ ಹಳದಿ ಎನ್ನುತ್ತಾಳೆ,
ಜಗಳಕ್ಕೇ ಬರುತ್ತಾಳೆ.
ಊರಿನ ಹಾಲಿಗೆ ಅರ್ಧ ಡಿಗ್ರಿ ಬಿಟ್ಟುಕೊಡದ ನಾನು
ಒಂದು ಗುರುವಾರ
ಎರಡು ಪ್ಲಸ್ ಕಂಡದ್ದನ್ನು ಒಂದು ಎಂದು ಬರೆದುಬಿಟ್ಟೆ.
ಆಮೇಲೆ ಹೊಡೆದುಹಾಕಿ ತಿದ್ದಿದೆ.
ತಿದ್ದಿದ್ದರ ಪಕ್ಕ ಸಹಿ ಹಾಕಿದೆ. ಅಭ್ಯಾಸ.

ಇಂಚರಳಿಗೆ ಪ್ಲಸ್ಸು ಗಿಸ್ಸು ಬೇಡ.
ಅವಳ ಲೆಕ್ಕ ಹಿತ್ತಲ ಕಂಚಿಗಿಡದ್ದು.
‘ಇವತ್ತು ಕಾಯಿ.’
‘ಇವತ್ತು ದೋರೆ.’
‘ಅಪ್ಪಾ, ಇವತ್ತು ಹಣ್ಣು, ಬರ್ಕೊ.’

ಬರೆದುಕೊಂಡೆ.
ಹಣ್ಣು ಮಾರನೇ ವಾರ ಮತ್ತೆ ಕಾಯಾಗುವುದನ್ನು
ಈ ಪುಸ್ತಕದಲ್ಲಿ ಮಾತ್ರ ಕಂಡವನು ನಾನು.
ಅದಕ್ಕೇ ಶಾಯಿ ಆರುವ ತನಕ ಮುಚ್ಚಲಿಲ್ಲ.

ಆರಾಗುತ್ತಾ ಬಂತು. ಹೊರಗೆ ಕ್ಯಾನುಗಳ ಸದ್ದು.
ಕೈ ತೊಳೆದುಕೊಂಡೆ,
ಎರಡು ಸಲ.