ಕೋಡಿ ಬೆಂಗ್ರೆಯ ನೀರು

ನಿಮ್ಮ ಕಾಗದ ಬಂತು, ಮಾರಾಯ್ರೆ.
ಪೋಸ್ಟಿನ ಸದಿಯ ಅದನ್ನು
ಒಣಮೀನಿನ ಚಾಪೆಯ ಮೇಲೆ ಇಟ್ಟು ಹೋದ.
ನಾನು ಕೈ ತೊಳೆದು ಬರುವಷ್ಟರಲ್ಲಿ
ಎರಡು ನೊಣ ಸಹಿ ಹಾಕಿದ್ದವು.

‘ದೋಣಿ ಮುಳುಗಿದ್ದು ನದಿಯಲ್ಲಿ.
ಪಾಲಿಸಿ ಇರುವುದು ಕಡಲ ಅಪಾಯಕ್ಕೆ.
ಆದ್ದರಿಂದ ವಿಷಾದಿಸುತ್ತೇವೆ.’
ಮಗಳು ಮೂರು ಸಲ ಓದಿದಳು.
ಮೂರನೆಯ ಸಲ ನನಗೆ ನಗು ಬಂತು.

ನೀವು ಒಮ್ಮೆ ಬೆಂಗ್ರೆಗೆ ಬರಬೇಕಿತ್ತು.
ನಮ್ಮ ಎದುರು ಬಾಗಿಲು ತೆಗೆದರೆ ಕಡಲು,
ಹಿಂಬಾಗಿಲು ತೆಗೆದರೆ ಹೊಳೆ,
ನಡುವೆ ಒಂದು ರಸ್ತೆ, ನಾಲ್ಕು ತೆಂಗು,
ಬಟ್ಟೆ ಒಣಗಿಸುವ ಹಗ್ಗ.
ಬೇಶ ತಿಂಗಳ ಆ ಅಮಾವಾಸ್ಯೆ ರಾತ್ರಿ
ಎದುರಿನದ್ದು ಹಿಂದಕ್ಕೆ ಹೋಯಿತು,
ಮನೆಯೊಳಗಿಂದಲೇ,
ಚಪ್ಪಲಿ ಬಿಡದೆ.

ಅದೇ ನೀರು ‘ಹರಿಣಾಕ್ಷಿ’ಯನ್ನು
ಜೆಟ್ಟಿಯ ಕಲ್ಲಿಗೆ ಹೊಡೆಯಿತು.
ಹರಿಣಾಕ್ಷಿ ನನ್ನ ಅತ್ತೆಯ ಹೆಸರು.
ಬದುಕಿದ್ದಾಗ ಮೊಣಕಾಲಿನ ಮೇಲೆ
ನೀರು ತಾಗಿಸಿಕೊಂಡವಳಲ್ಲ.
ಹಗ್ಗ ಹಿಡಿದಿದ್ದ ವಾಮನಣ್ಣನ ಅಂಗೈ
ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ.

ನಿಮ್ಮ ಸರ್ವೇಯರ್ ಅದನ್ನು ಬರೆದುಕೊಳ್ಳಲಿಲ್ಲ.
ಅವರು ಬಂದದ್ದು ಹನ್ನೊಂದು ದಿನ ಕಳೆದು,
ಬೂಟಿಗೆ ಕೆಸರಾಗದ ಹಾಗೆ ಇಳಿತ ನೋಡಿಕೊಂಡು.
ಹೊಳೆ ಆಗ ಮೆಲುಕು ಹಾಕುವ ದನದ ಹಾಗೆ ಮಲಗಿತ್ತು.
‘ಇದರಲ್ಲಿ ಮುಳುಗಿತಾ?’ ಎಂದರು.
ನಾನು ಬೊಂಡ ಕೆತ್ತಿಸಿ ಕೊಟ್ಟೆ. ಕುಡಿದರು.

ಹದಿನಾಲ್ಕು ವರ್ಷ ಕಂತು ಕಟ್ಟುವಾಗ
ಯಾರೂ ಕೇಳಲಿಲ್ಲ,
ಸುಗಂಧಿಯಕ್ಕಾ, ಈ ಹಣ ಹೊಳೆಯದ್ದೋ ಕಡಲಿನದ್ದೋ ಎಂದು.
ಅಂಜಲ್ ಮಾರಿದ್ದೂ ಅದರಲ್ಲಿ ಉಂಟು.
ಒಂದು ವರ್ಷವಂತೂ
ಹೊಳೆಯ ಮರುವಾಯಿ ಹೆಕ್ಕಿಯೇ ಕಟ್ಟಿದೆ.
ಆಗ ರಶೀದಿ ಕೊಟ್ಟಿರಿ, ವಿಷಾದ ಕೊಡಲಿಲ್ಲ.

ಉಡುಪಿಯ ಗ್ರಾಹಕರ ಆಯೋಗದಲ್ಲಿ
ನಮ್ಮದು ಇಪ್ಪತ್ತಮೂರನೆಯ ಹೆಸರು.
ನಿಮ್ಮ ವಕೀಲ ಎಳೆಯ ಹುಡುಗ, ಸಭ್ಯ.
‘ನಕ್ಷೆಯಲ್ಲಿ ಅದು ನದಿ ತಾನೇ?’
ನಾನು ಚೀಲದಿಂದ ಎರಡು ಲೀಟರಿನ ಬಾಟಲಿ ತೆಗೆದೆ.
ಬೋಟು ಮುಳುಗಿದಲ್ಲಿಂದಲೇ ತುಂಬಿದ್ದು,
ಭರತದ ಹೊತ್ತು, ಬೆಳಿಗ್ಗೆ ಆರೂವರೆಗೆ.
‘ನಾಲಿಗೆಗೆ ಒಂದು ಹನಿ ಹಾಕಿ ನೋಡಿ,
ಮತ್ತೆ ನೀವೇ ಹೆಸರು ಹೇಳಿ.’

ಹುಡುಗ ನೋಡಿದ, ಮುಟ್ಟಲಿಲ್ಲ.
‘ಮಳೆಗಾಲದಲ್ಲಿ?’ ಎಂದ.
ಸುಳ್ಳು ಹೇಳಬಹುದಿತ್ತು.
‘ಆಟಿಯಲ್ಲಿ ಸಪ್ಪೆ’ ಎಂದೆ.
‘ಸ್ವರ್ಣೆ, ಸೀತೆ ಇಬ್ಬರೂ ತುಂಬಿ ಬರುವಾಗ
ಕಡಲೇ ನಾಲ್ಕು ಮಾರು ಸರಿದು ದಾರಿ ಬಿಡುತ್ತದೆ.
ಆದರೆ ನಾವು ಮುಳುಗಿದ್ದು ಬೇಶದಲ್ಲಿ.’
ನಮ್ಮ ವಕೀಲೆ ಪ್ರಮೀಳಾ ಮೇಡಂ
ಹಣೆ ಹಿಡಿದುಕೊಂಡರು.

ನೀರಿಗೆ ನಂಬರು ಹಾಕಲು ಬರುವುದಿಲ್ಲವಂತೆ,
ಪ್ರಯೋಗಾಲಯದ ಸೀಲು ಬೇಕಂತೆ.
ವಾಯಿದೆ ಮುಂದಕ್ಕೆ ಹೋಯಿತು.
ಬಸ್ಸಿನ ಗಡಿಬಿಡಿಯಲ್ಲಿ
ಬಾಟಲಿ ಬೆಂಚಿನಲ್ಲೇ ಮರೆತೆ.

ಒಂದೂವರೆ ತಿಂಗಳು ಕಳೆದು ಹೋದರೆ
ವರಾಂಡದ ಕುಂಡದಲ್ಲಿ ಕ್ರೋಟನ್ ಗಿಡ
ತುದಿಯಿಂದ ಬುಡದವರೆಗೆ ಕಂದು.
‘ಯಾರೋ ಬಿಟ್ಟುಹೋದ ಕುಡಿಯುವ ನೀರು,
ಚೆಲ್ಲುವುದೇಕೆಂದು ಗಿಡಕ್ಕೆ ಹೊಯ್ದೆ ಅಕ್ಕಾ,
ಮಾರನೆಯ ವಾರದಿಂದ ಹೀಗೆ.’
ಅಟೆಂಡರ್ ಶೀನ ನಾಯ್ಕ
ಕೊಲೆ ಮಾಡಿದವನ ಮುಖ ಮಾಡಿ ಎಲೆ ಹೆಕ್ಕುತ್ತಿದ್ದ.

ಪ್ರಮೀಳಾ ಮೇಡಂ ನನ್ನನ್ನು ನೋಡಿದರು.
ಮೆಲ್ಲಗೆ ಮೊಬೈಲ್ ತೆಗೆದು,
ಒಂದು ಫೋಟೋ ಹೊಡೆಯುವನಾ ಎಂದರು.

ನಾನು ಕುಂಡದ ಹತ್ತಿರ ಕುಕ್ಕರುಗಾಲಲ್ಲಿ ಕೂತೆ.
ಮಣ್ಣಿನ ಅಂಚಿನಲ್ಲಿ ಬಿಳಿ ಗೆರೆ,
ನಮ್ಮ ಅಡುಗೆಮನೆಯ ಗೋಡೆಯಲ್ಲಿ ಉಳಿದಂಥದ್ದೇ.
ಚೀಲದಲ್ಲಿ ನಳ್ಳಿಯ ನೀರಿತ್ತು, ಬಾಯಾರಿಕೆಗೆ ತಂದದ್ದು.
ಉಪ್ಪು ಇಳಿದು ಹೋಗಲಿ ಎಂದು
ಬುಡಕ್ಕೆ ನಿಧಾನ ಹೊಯ್ಯುತ್ತಿದ್ದೆ,
ಒಳಗಿಂದ ಕೂಗಿದರು:
ಇಪ್ಪತ್ತಮೂರು, ಸುಗಂಧಿ ಕುಂದರ್,
ಇದ್ದಾರಾ?