ಎರಡಳತಿ

ಕುರ್ಲಾದಾಗ, ಹಿಟ್ಟಿನ ಗಿರಣಿಗಿ ಬೆನ್ನು ಕೊಟ್ಟು
ನನ್ನ ಅಂಗಡಿ.
ನಾ ಕುಂತ್ರ ಗಿರಾಕಿ ನಿಂದರಬೇಕು,
ಇಬ್ಬರೂ ಕುಂಡ್ರಾಕ ಜಾಗ ಇಲ್ಲ.
ಗೋಡಿ ತುಂಬ ಹಲಗಿ,
ಹಲಗಿ ತುಂಬ ಕಟ್ಟಿಗಿ ಪಾದ,
ಇಲ್ಲಿಯವರು ಫರ್ಮಾ ಅಂತಾರ.
ಜೋಡಿ ಜೋಡಿ ನಿಂತಾವ,
ಒಂದೂ ಜೋಡಿ ಅಲ್ಲ.

ಎಂಟು ವರ್ಷ ಕಾರ್ಖಾನ್ಯಾಗ ಸೋಲ್ ಅಂಟಿಸೀನಿ,
ಡಜನ್ನಿಗಿ ಇಷ್ಟಂತ ಲೆಕ್ಕ.
ಅಂಟಿನ ವಾಸನಿಗಿ ರೊಟ್ಟಿ ರುಚಿ ಮರತಿತ್ತು.
ಒಂದಿನ ಭಾಯಖಳಾದ ನರ್ಗಿಸ್ ಬಾಯಿ ಬಂದು
ಒಂದ ನಮೂನಿ ಬೂಟು ಎರಡು ಜೋಡಿ ಕೊಂಡ್ಲು,
ಒಂದು ಐದನೇ ನಂಬರ್, ಒಂದು ಮೂರು.
ಮಗಳಿಗೇನ್ರಿ? ಅಂದೆ.
ಅಲ್ಲ, ಎಡಗಾಲಿಗಿ, ಅಂದ್ಲು.
ಸಣ್ಣಾಕಿದ್ದಾಗ ಜ್ವರ ಬಂದು
ಒಂದು ಕಾಲು ಅಲ್ಲೇ ನಿಂತಿತ್ತು,
ಇನ್ನೊಂದು ಮುಂದ ಹೋಗಿತ್ತು.
ಉಳದ ಎರಡು ಏನ್ಮಾಡ್ತೀರಿ?
ಮಂಚದ ಕೆಳಗ ಅದಾವ, ನಲವತ್ತೊಂದು.
ಒಂದು ನಾಯಿ ಒಯ್ತು.

ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.
ನಲವತ್ತೊಂದು ಒಂಟಿ ಕಾಲ್ಮರಿ
ಕತ್ತಲದಾಗ ಅಡ್ಡಾಡಿದ್ವು.

ಅಪ್ಪ ಅಥಣ್ಯಾಗ ಚಪ್ಪಲಿ ಹೊಲಿತಿದ್ದ.
ಬಂದಾಕಿ ಹೆಬ್ಬೆರಳು ಒತ್ತಿ ನೋಡಿ
ಕೊಡ ಯಾವ ಸೊಂಟದ ಮ್ಯಾಲ ಹೊರತಿ ಅಂತ
ಹೇಳಿಬಿಡ್ತಿದ್ದ.
ಅಷ್ಟ ನನ್ನ ಭಂಡವಲು.

ಮೊದಲ ವರ್ಷ ಗಿರಾಕಿ ಮೂರು ಮಂದಿ,
ಅದರಾಗ ಒಬ್ಬಾಕಿ ಉದ್ರಿ.
ಹೊಟ್ಟಿಗಿ ಅಂತ ಬ್ಯಾಗಿನ ಜಿಪ್ ಹೊಲದೆ,
ಛತ್ರಿ ಕಡ್ಡಿ ಕಟ್ಟಿದೆ.
ಸಾಲ ತಗೋ ಅಂತ ಗುಂಪಿನವರು ಬಂದ್ರ
ಚಾ ಕುಡಿಸಿ ಕಳಿಸಿದೆ.
ವಾರವಾರ ಕಂತು ಬರ್ತೈತಿ,
ಕಾಲು ಬರಬೇಕಲ್ಲ?
ಮಷಿನ್ ಬಂದದ್ದು ಮೂರನೇ ವರ್ಷ, ಗುಜರಿಯಿಂದ.
ತುಕ್ಕು ತಿಕ್ಕೂದರಾಗ ಒಂದು ಮಳಿಗಾಲ ಹೋತು.

ಬಾಂದ್ರಾದಿಂದ ಒಬ್ಬ ಬಂದಿದ್ದ,
ಮಾರಿ ಕಾಣುವಂಥಾ ಬೂಟು.
ಮೌಶಿ, ಐಡಿಯಾ ಭಾಳ ಚಲೋ ಐತಿ,
ತಿಂಗಳಿಗಿ ಐನೂರು ಜೋಡಿ ಮಾಡು,
ಎಷ್ಟು ದೊಡ್ಡದು ಎಷ್ಟು ಸಣ್ಣದು
ಮೊದಲ ಠರಾವ್ ಮಾಡಿಬಿಡೋಣು.
ನಾ ಅವನ ಬೂಟು ಬಿಚ್ಚಿಸಿದೆ.
ಕಾಗದದ ಮ್ಯಾಲ ನಿಂದರಿಸಿ
ಸುತ್ತ ಪೆನ್ಸಿಲ್ ಎಳದೆ.
ಅವಂದೂ ಎಡಗಾಲು ಅರ್ಧ ಬಟ್ಟು ಉದ್ದ.
ನಲವತ್ತು ವರ್ಷ ಆ ಕಿರುಬೆರಳು
ಬಾಯಿ ಮುಚ್ಚಿಕೊಂಡು ಕುಂತಿತ್ತು.
ಐನೂರರ ಮಾತು ಬಿಟ್ಟ, ಮುಂಗಡ ಕೊಟ್ಟ.
ಏಳು ವಾರ ಆಕ್ಕೈತಿ ಅಂದೆ.
ಮಾರಿ ಸಣ್ಣದು ಮಾಡಿದ.
ಕಾದ.

ವಾರಕ್ಕ ಎರಡು ಜೋಡಿ,
ಮಳಿಗಾಲದಾಗ ಒಂದ, ತೊಗಲು ಒಣಗಂಗಿಲ್ಲ.
ನಂಬರ್ ಎರಡಾದರೂ ರೊಕ್ಕ ಒಂದ ಜೋಡಿದು,
ಇದೊಂದು ನಾ ಬದಲಿಸಿಲ್ಲ.
ಭಾಡಿಗಿ ದಿನ ಬಂದಾಗ
ಆ ಐನೂರು ನೆನಪಾಗಂಗಿಲ್ಲ ಅಂದ್ರ ಸುಳ್ಳಾಕ್ಕೈತಿ.
ಆಗ ಕೆರಿಸೂಲ ಮಸಿಯಾಕ ಕುಂಡರ್ತೇನಿ.

ಏಕನಾಥ ಶಿರ್ಕೆ, ಬಸ್ಸಿನ ಕಂಡಕ್ಟರ್,
ನಿಂತು ನಿಂತು ಒಂದು ಕಾಲು ಬಾಗಿದಾವ,
ಹ್ವಾದ ದೀಪಾವಳಿಗಿ ತೀರಿಕೊಂಡ.
ಹೇಣ್ತಿ ಬಂದು ಬಾಕಿ ಐವತ್ತು ರೂಪಾಯಿ ಕೊಟ್ಲು.
ಫರ್ಮಾ ಒಯ್ರಿ ಬಾಯಿ, ಅಂದೆ.
ಬ್ಯಾಡ, ಮನ್ಯಾಗಿಟ್ರ
ಬಾಗಲದಾಗ ಬಂದು ನಿಂತಂಗ ಆಕ್ಕೈತಿ, ಅಂದ್ಲು.
ಅಲ್ಲೇ ಅದಾವ, ಮ್ಯಾಲಿನ ಹಲಗಿ ಮ್ಯಾಲ.
ವಾರಕ್ಕೊಮ್ಮಿ ಧೂಳು ಒರಸ್ತೇನಿ.

ನಿನ್ನಿ ಒಬ್ಬ ಹುಡುಗ ಬಂದಿದ್ದ, ಒಂಬತ್ತು ವರ್ಷದಾವ,
ಕೂಡ ಅವನ ಅಜ್ಜಿ.
ಬರೇ ಕಾಲಿಲೆ ನೆಲದ ಮ್ಯಾಲ ನಿಂದ್ರು ಅಂದ್ರ
ನಾಚಿ ಒಂದರ ಮ್ಯಾಲ ಇನ್ನೊಂದು ಇಟ್ಟ.
ನಾ ನನ್ನ ಎರಡೂ ಕೈ ತೋರಿಸಿದೆ:
ಬಲಗೈ ದಪ್ಪ, ಸುತಗಿ ಹಿಡದದ್ದು,
ಎಡಗೈ ಸಣ್ಣ, ಬರೇ ಪೆಟ್ಟು ತಿಂದದ್ದು.
ನಕ್ಕ. ಕಾಲು ಬಿಟ್ಟುಕೊಟ್ಟ.
ಮ್ಯಾಲ ನೋಡಿ ಕೇಳಿದ, ಅವು ಯಾರ ಕಾಲು?
ಕಂಡಕ್ಟರ್‌ದು.
ಎಲ್ಲದಾನ?
ಹಿಂದಿನ ಸ್ಟಾಪಿಗಿ ಇಳದ.

ಈ ಫರ್ಮಾ ಭಾಳ ದಿನ ಬರಂಗಿಲ್ಲ, ಗೊತ್ತೈತಿ.
ಹುಡುಗ ಬೆಳಿತಾನ,
ಒಂದೊಂದು ಕಾಲು ಒಂದೊಂದು ತರ.
ತೊಗಲಿನ ಚೂರು ಪದರ ಪದರ ಅಂಟಿಸಿ
ಕಟ್ಟಿಗಿನೂ ಬೆಳಸಬೇಕು.
ಆರು ತಿಂಗಳಿಗಿ ಬಾ ಅಂತ ಹೇಳೀನಿ.
ಅವನ ಹೆಸರು ಇನ್ನೂ ಪೆನ್ಸಿಲ್ಲಿಲೆ ಬರದೀನಿ.