ಚುಕ್ಕಿ ಗುರುತು

ಟೋ ಲಾರಿಯಿಂದ ಇಳಿದದ್ದು ಬಿಳಿ ನಿಸ್ಸಾನ್ ಪಟ್ರೋಲ್,
ಬಾನೆಟ್ಟಿನ ಸಂದಿಯಲ್ಲಿ ಇನ್ನೂ ಬದಾಯರಿನ ಕೆಂಪು ಮರಳು.
ಎಂಜಿನ್ನಿನ ಪಕ್ಕೆಯಲ್ಲಿ ಅಂಗೈ ತೂರುವಷ್ಟು ತೂತು,
ಆಯಿಲ್ ಪೂರಾ ದಿಬ್ಬವೇ ಕುಡಿದಿತ್ತು.
‘ಏನೋ ಟಕ್ ಅಂತು’ ಎಂದ ಹುಮೈದ್.
ಟಕ್ ಅಂತಂತೆ! ಆರು ಸಿಲಿಂಡರಿನ ಕರುಳು ಹೊರಬಿದ್ದಿದೆ,
ಹುಡುಗ ಟಕ್ ಅನ್ನುತ್ತಾನೆ.

ಶಾರ್ಜಾ, ಹತ್ತನೇ ಇಂಡಸ್ಟ್ರಿಯಲ್ ಏರಿಯಾ, ಆಗಸ್ಟ್.
ಸ್ಪ್ಯಾನರಿಗೂ ಬಟ್ಟೆ ಸುತ್ತಿ ಹಿಡಿಯಬೇಕು.
ಗುಲ್‌ಜಮಾನನೂ ನಾನೂ ಚೈನಿಗೆ ಕಟ್ಟಿ ಎತ್ತಿದೆವು,
ಮಗುಚಿ ಹಾಕಿ ಸಂಪ್ ಬಿಚ್ಚಿದೆವು.
ನಾಲ್ಕನೆಯ ಕನೆಕ್ಟಿಂಗ್ ರಾಡು ಎರಡು ತುಂಡು.
ಮುರಿದ ಜಾಗ ಬೂದು ಬೂದು, ರವೆಯ ಹಾಗೆ ಕಾಳು ಕಾಳು.
ಎರಕದ್ದು.

ಎರಕ ಹೊಯ್ದ ಹಾಗಿದ್ದಾನೆ ಅಂತ ಹೊಗಳುತ್ತೇವಲ್ಲ ನಮ್ಮಲ್ಲಿ,
ಹೊಗಳಿಕೊಳ್ಳಲಿ. ಟರ್ಬೋದ ಕೆಳಗೆ ಎರಕ ನಿಲ್ಲುವುದಿಲ್ಲ.
ಅಲ್ಲಿಗೆ ಪೆಟ್ಟು ತಿಂದದ್ದೇ ಬೇಕು,
ಕೆಂಪಗೆ ಕಾಯಿಸಿ, ಅಚ್ಚಿನಲ್ಲಿ ಬಡಿದು,
ಒಳಗಿನ ನಾರು ಉದ್ದಕ್ಕೆ ಮಲಗಿದ್ದು.

‘ಫೋರ್ಜ್ಡ್ ಅಂತಲೇ ಕೊಟ್ಟರು ಅಣ್ಣನಿಗೆ,
ಅಜ್ಮಾನಿನ ಯಾವುದೋ ಗ್ಯಾರೇಜು, ಒಂಬತ್ತು ಸಾವಿರ ದಿರ್ಹಮ್.
ಮದುವೆಯಾಯಿತು, ಗಾಡಿ ನನಗೆ ಬಿಟ್ಟ.’
ಟೋಪಿ ಹಾಕಿದ್ದಾರೆ ಅನ್ನಲು ಹೊರಟೆ,
ಅವನಿಗೆ ತಿಳಿಯುವ ಹಿಂದಿಯಲ್ಲಿ ಆ ಮಾತು ಹೊಳೆಯಲಿಲ್ಲ.
ರಾಡಿನ ಟೋಪಿಗಳನ್ನು ಒಂದೊಂದಾಗಿ ಸೀಮೆಎಣ್ಣೆಯಲ್ಲಿ ಒರೆಸಿದೆ.
ಒಂದು ಚುಕ್ಕಿ. ಎರಡು ಚುಕ್ಕಿ. ಮೂರು.
ಎಲ್ಲವೂ ತುಸು ಬಲಕ್ಕೆ ವಾಲಿದ್ದವು.
ಬೇರೆಯವರು ಅಂಕಿ ಒತ್ತುತ್ತಾರೆ;
ಎಡಗೈಯಲ್ಲಿ ಸುತ್ತಿಗೆ ಹಿಡಿದು ಚುಕ್ಕಿ ಬಡಿಯುವವನು
ಈ ಸಾಲಿನಲ್ಲೆಲ್ಲ ಒಬ್ಬನೇ.
ಗುಲ್‌ಜಮಾನ್ ಚುಕ್ಕಿ ನೋಡಿದ, ನನ್ನ ಕೈ ನೋಡಿದ,
ಎದ್ದುಹೋಗಿ ಚಹಾ ತಂದ.

ಹೌದು. ಮೂರು ವರ್ಷದ ಹಿಂದೆ, ಅಜ್ಮಾನಿನ ಶೆಡ್ಡು,
ಹೆಸರಿಲ್ಲದ ರಟ್ಟಿನ ಪೆಟ್ಟಿಗೆ.
‘ಕೇಳಬೇಡ, ಕೂರಿಸು’ ಅಂದಿದ್ದ ಧಣಿ.
ಎರಡು ತಿಂಗಳ ಸಂಬಳ ಬಾಕಿ ಇತ್ತು.
ಕೈಯಲ್ಲಿ ಎತ್ತಿದಾಗಲೇ ಗೊತ್ತಾಗಿತ್ತು ನನಗೆ.
ಕೂರಿಸಿದೆ.
ಬೋಲ್ಟುಗಳಿಗೆ ಟಾರ್ಕ್ ಮಾತ್ರ ಲೆಕ್ಕ ತಪ್ಪದೆ ಕೊಟ್ಟಿದ್ದೆ,
ಮಹಾ ಪ್ರಾಮಾಣಿಕ.

ಹೊಸವು ಬಂದವು, ಸ್ಪಂಜಿನಲ್ಲಿ ಮಲಗಿದ ಆರು.
ಉಗುರಲ್ಲಿ ತಟ್ಟಿದರೆ ಗಿಂಡಿಯ ನಾದ.
ರೋಲ್ಲಾದ ಉದಯ ರಾಯ್ಕರರಲ್ಲಿಗೆ ಹೊತ್ತುಕೊಂಡು ಹೋದೆ,
ಗುಲಗಂಜಿ ತೂಗುವ ತಕ್ಕಡಿ ಇನ್ಯಾರಲ್ಲಿದೆ?
ಬಳೆಗಳನ್ನು ಸರಿಸಿ ರಾಡು ಇಟ್ಟರು, ಕನ್ನಡಕ ಏರಿಸಿದರು:
‘ಇದಕ್ಕೆ ಹಾಲ್‌ಮಾರ್ಕ್ ಎಲ್ಲಿ ಮಾರಾಯ?’
ಐದು ಒಂದೇ ತೂಕ. ಆರನೆಯದು ಒಂದೂವರೆ ಗ್ರಾಂ ಹೆಚ್ಚು.
ರಾತ್ರಿಯಿಡೀ ಉಜ್ಜಿ ಉಜ್ಜಿ ಇಳಿಸಿದೆ ಆ ಒಂದೂವರೆಯನ್ನು.
ಯಾರೂ ಕೇಳಿರಲಿಲ್ಲ.

ಬೇರಿಂಗಿನಲ್ಲಿ ಹಸಿರು ನೂಲಿಟ್ಟು ಅಮುಕಿ
ಸಂದು ಎಷ್ಟೆಂದು ಅಳೆದೆ. ಕೂದಲಿಗಿಂತ ಸಣ್ಣ.
ಅಭ್ಯಾಸಬಲ, ಚುಕ್ಕಿ ಬಡಿಯಲು ಪಂಚ್ ಎತ್ತಿದೆ.
ಅವು ಅಂಕಿ ಕೆತ್ತಿಸಿಕೊಂಡೇ ಬಂದಿದ್ದವು.
ಪಂಚ್ ಕೆಳಗಿಟ್ಟೆ.

ಬಿಲ್ಲಿನಲ್ಲಿ ಕೂಲಿಯ ಸಾಲು ಖಾಲಿ.
‘ಮರೆತಿದ್ದೀಯ’ ಅಂದ ಹುಮೈದ್.
‘ಇಲ್ಲ’ ಅಂದೆ. ಅವನು ನಕ್ಕು, ನೋಟು ಮಡಚಿ
ನನ್ನ ಅಂಗಿಯ ಜೇಬಿಗೆ ತುರುಕಿದ.

ಮೊದಲ ಸಾವಿರ ಕಿಲೋಮೀಟರು ಮೆಲ್ಲಗೆ,
ಟರ್ಬೋ ಉಸಿರೆತ್ತದ ಹಾಗೆ.
ಈಗ ಧೈದ್ ದಾಟಿದ್ದೇವೆ, ರಾತ್ರಿ, ವೇಗ ಅರವತ್ತು.
ಒಂಟೆಯೊಂದನ್ನು ನಿಲ್ಲಿಸಿಕೊಂಡ ಪಿಕಪ್ಪು
ಹಾರ್ನ್ ಹೊಡೆದು ಮುಂದೆ ಹೋಯಿತು. ಒಂಟೆ ತಿರುಗಿ ನೋಡಿತು.
‘ಎಂಟುನೂರು ಕುದುರೆ,’ ಅಂದ ಹುಡುಗ, ‘ಎಷ್ಟು ದಿನ ಹೀಗೆ?’
ನಾನು ಎಂಜಿನ್ನಿಗೆ ಕಿವಿಗೊಟ್ಟು ಕೂತಿದ್ದೆ.
ಆರೂ ಒಂದೇ ಉಸಿರು, ನಾಲ್ಕನೆಯದೂ.
ಜೇಬಿನಲ್ಲಿ ಅವನ ನೋಟು, ಅದರಡಿ ಹಳೆಯ ಟೋಪಿ.
ನಾಲ್ಕು ಚುಕ್ಕಿ ಹೆಬ್ಬೆರಳಿಗೆ ಸಿಗುತ್ತವೆ.
ಮಸಾಫಿಯಲ್ಲಿ ಚಹಾಕ್ಕೆ ನಿಲ್ಲಿಸುತ್ತಾನಂತೆ.
ಅಲ್ಲಿ ಹೇಳಬೇಕು.
ಇನ್ನೂ ಮೂವತ್ತು ಕಿಲೋಮೀಟರು ಇದೆ.